ಸೇವ್ ಆಗದ ಎಂಟ್ರಿಗೂ ಮೊದಲೇ ಒಂದು ಐಡಿ ಇರಲಿ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಗೆ ನಾನು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಒಬ್ಬ ರೈತರ ಒಂದೇ ಎಂಟ್ರಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗೊಂದರಂತೆ ಹಲವು ಸಾಲು ಇರಬಹುದು. ಪ್ರತಿ ಸಾಲಿಗೂ ಚೀಲ, ತೂಕ, ದರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಅರ್ಧ ತುಂಬಿದ ಫಾರಂ ಅಲ್ಲೇ ಅಳಿಸಿ ಹೋದರೆ ಗುಮಾಸ್ತರು ತೂಕದ ಚೀಟಿ ಹುಡುಕಿ ಮತ್ತೆ ಮೊದಲಿಂದ ಬರೆಯಬೇಕು. ಹೊರಗೆ ಗಾಡಿಗಳು ಕಾಯುತ್ತಿರುತ್ತವೆ.

ಸಾಮಾನ್ಯವಾಗಿ ಡೇಟಾಬೇಸ್‌ಗೆ ಸೇರಿದ ಮೇಲೆ ಎಂಟ್ರಿಗೆ ನಂಬರ್ ಸಿಗುತ್ತದೆ. ಅಲ್ಲಿವರೆಗೆ ಒಳಗಿನ ಸಾಲುಗಳು ಯಾರಿಗೆ ಸೇರಿದವು ಅಂತ ಹೇಳೋದಕ್ಕೆ ಏನೂ ಇರುವುದಿಲ್ಲ. ಸುಮ್ನೆ -1, -2 ಅಂತ ತಾತ್ಕಾಲಿಕ ನಂಬರ್ ಕೊಟ್ಟು ಆಮೇಲೆ ಬದಲಾಯಿಸುವವರೂ ಇದ್ದಾರೆ. ನನಗೆ ಅದು ಹಿಡಿಸಲಿಲ್ಲ. 'ಹೊಸ ಎಂಟ್ರಿ' ಒತ್ತಿದ ಕೂಡಲೇ ಬ್ರೌಸರ್‌ನಲ್ಲೇ ಒಂದು ಯುಯುಐಡಿ, ಅಂದರೆ ಬೇರೆ ಯಾವ ಎಂಟ್ರಿಗೂ ಬರದಂಥ ಉದ್ದನೆಯ ಗುರುತು, ಹುಟ್ಟಿಸುತ್ತೇನೆ. ಅದೇ ಕೊನೆವರೆಗೂ ಅದರ ಐಡಿ. ಬ್ರೌಸರ್‌ನ ರ‍್ಯಾಂಡಮ್‌ಯುಯುಐಡಿ ಫಂಕ್ಷನ್ ಎಚ್‌ಟಿಟಿಪಿಎಸ್ (ಸುರಕ್ಷಿತ ವಿಳಾಸ) ಅಥವಾ ಲೋಕಲ್‌ಹೋಸ್ಟ್‌ನಲ್ಲಿ (ಅದೇ ಕಂಪ್ಯೂಟರಿನಲ್ಲಿ ಓಡಿಸುವಾಗ) ಮಾತ್ರ ಸಿಗುತ್ತದೆ. ಆಫೀಸಿನ ವೈಫೈನಲ್ಲಿ ಬರೀ ಎಚ್‌ಟಿಟಿಪಿ ವಿಳಾಸ ಹಾಕಿ ನೋಡಿದರೆ ಅದು ಇರುವುದೇ ಇಲ್ಲ.

ಇದರ ದೊಡ್ಡ ಲಾಭ ಬೇರೆಯೇ ಇದೆ. ಗುಮಾಸ್ತರು 'ಉಳಿಸಿ' ಒತ್ತುತ್ತಾರೆ, ಮಾಹಿತಿ ಸರ್ವರ್‌ಗೆ ತಲುಪುತ್ತದೆ, ಉತ್ತರ ವಾಪಸ್ ಬರುವ ಮೊದಲೇ ನೆಟ್‌ವರ್ಕ್ ಕಡಿದುಹೋಗುತ್ತದೆ. ಅವರು ಮತ್ತೆ ಒತ್ತುತ್ತಾರೆ, ಒತ್ತಲೇಬೇಕಲ್ವಾ? ಐಡಿ ಒಂದೇ ಆದ್ದರಿಂದ ಸರ್ವರ್ ಎರಡನೇ ದಾಖಲೆ ಮಾಡುವುದಿಲ್ಲ, ಮೊದಲಿನದನ್ನೇ ತೋರಿಸುತ್ತದೆ. ಒಂದೇ ಲೋಡಿಗೆ ಎರಡು ಸಲ ಲೆಕ್ಕ ಬೀಳುವುದಿಲ್ಲ. ಮಂಡಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಡ್ರಾಫ್ಟ್, ಅಂದರೆ ಇನ್ನೂ ಸರ್ವರ್‌ಗೆ ಸೇರದ ಎಂಟ್ರಿ, ಇಡುವುದು ಬ್ರೌಸರ್‌ನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಯಲ್ಲಿ. ಬ್ರೌಸರ್‌ನಲ್ಲೇ ಇರುವ ಇನ್ನೊಂದು ಜಾಗ ಲೋಕಲ್ ಸ್ಟೋರೇಜ್ ಸುಮಾರು 5 ಎಂಬಿಗೆ ಮುಗಿಯುತ್ತದೆ, ಅದೂ ಬರೀ ಅಕ್ಷರ. ನಮಗೆ ತೂಕದ ಚೀಟಿಯ ಫೋಟೋನೂ ಬೇಕು. ಟೈಪಿಂಗ್ ನಿಂತ ಅರ್ಧ ಸೆಕೆಂಡಿಗೆ ಡ್ರಾಫ್ಟ್ ಬರೆಯುತ್ತೇನೆ. ಪುಟ ಕಣ್ಣಿಂದ ಮರೆಯಾದಾಗ, ಅಂದರೆ ವಿಸಿಬಿಲಿಟಿಚೇಂಜ್ ಎಂಬ ಬ್ರೌಸರ್ ಸೂಚನೆ ಬಂದಾಗ, ಮತ್ತೊಮ್ಮೆ. ಪುಟ ಮುಚ್ಚುವ ಮೊದಲು ಬರಬೇಕಾದ ಬಿಫೋರ್‌ಅನ್‌ಲೋಡ್ ಸೂಚನೆ ನಂಬಬೇಡಿ. ಮೊಬೈಲಿನಲ್ಲಿ ಬೇರೆ ಆ್ಯಪ್‌ಗೆ ಹೋಗಿ, ಅಲ್ಲಿಂದಲೇ ಬ್ರೌಸರ್ ಮುಚ್ಚಿದರೆ ಅದು ಬರುವುದೇ ಇಲ್ಲ.

ಡ್ರಾಫ್ಟ್‌ನಲ್ಲಿ ತಪ್ಪು ಹುಡುಕಬಾರದು. ತೂಕದ ಜಾಗದಲ್ಲಿ '62.' ಅಂತ ಅರ್ಧಕ್ಕೆ ನಿಂತಿದ್ದರೆ ಹಾಗೇ ಇಡುತ್ತೇನೆ. ಅದನ್ನು 62 ಮಾಡಿದರೆ ಮುಂದಿನ 4 ಸೇರಿ 624 ಆಗಬಹುದು. ತಪಾಸಣೆ ಎಲ್ಲಾ 'ಉಳಿಸಿ' ಒತ್ತಿದ ಮೇಲೆ.

ಹಳೇ ಎಂಟ್ರಿ ತಿದ್ದುವಾಗ ಅದರ ಆವೃತ್ತಿ ಸಂಖ್ಯೆಯೂ ಡ್ರಾಫ್ಟ್ ಜೊತೆ ಇರುತ್ತದೆ. ನಡುವೆ ಇನ್ನೊಬ್ಬರು ತಿದ್ದಿದ್ದರೆ ಎರಡನ್ನೂ ಪಕ್ಕಪಕ್ಕ ತೋರಿಸಿ ಗುಮಾಸ್ತರನ್ನೇ ಕೇಳುತ್ತೇನೆ. ಪರದೆಯ ಮೇಲೆ 'ಈ ಫೋನಿನಲ್ಲಿ ಮಾತ್ರ ಇದೆ' ಅಂತ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಸರ್ವರ್ ಒಪ್ಪಿಕೊಂಡ ಮೇಲಷ್ಟೇ ಅದು 'ಸರ್ವರ್‌ಗೆ ಸೇರಿದೆ' ಆಗುತ್ತದೆ, ಡ್ರಾಫ್ಟ್ ಅಳಿಸುವುದೂ ಆಗಲೇ.