ಕಡಲತಡಿಯ ಯುದ್ಧನೌಕೆ ದುರಸ್ತಿ: ಬಣ್ಣದ ಡಬ್ಬಿ ತೆರೆಯುವ ಮೊದಲು

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿರುವ ನಿವೃತ್ತ ಯುದ್ಧನೌಕೆ ‘ಚಪಲ’ದಂಥ ನೌಕೆಯ ದುರಸ್ತಿಗೆ ಇಳಿಯುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬಣ್ಣದ ರೇಟು. ಕೆಲಸ ಕೆಡುವುದು ಅಲ್ಲಿಂದಲೇ. ದಡದ ಮೇಲೆ ನಿಂತ ನೌಕೆಯನ್ನು ತಿನ್ನುವುದು ಮುಖ್ಯವಾಗಿ ಎರಡು: ಎಲ್ಲೋ ಸಿಕ್ಕಿಕೊಂಡು ಹೊರಹೋಗದ ನೀರು ಮತ್ತು ಒಂದಕ್ಕೊಂದು ತಾಗಿಕೊಂಡ ಎರಡು ಬಗೆಯ ಲೋಹ. ಇವೆರಡನ್ನು ಬಿಟ್ಟು ಮೇಲೆ ಬಳಿದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ.

ಏನನ್ನು ಮುಟ್ಟುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಲಿ. ಚಪಲ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಓಸಾ-2 ಮಾದರಿಯ ಕ್ಷಿಪಣಿ ನೌಕೆ. ನಮ್ಮ ನೌಕಾಪಡೆಯಲ್ಲಿ ಇದರದು ‘ಚಮಕ್’ ವರ್ಗ. ಉದ್ದ ಸುಮಾರು 38.6 ಮೀಟರ್, ಅಗಲ 7.6 ಮೀಟರ್. ಕೆಳಗಿನ ಒಡಲು ಬೆಸುಗೆ ಹಾಕಿದ ಉಕ್ಕು. ಡೆಕ್ ಮೇಲಿನ ಕಟ್ಟಡ ಅಲ್ಯೂಮಿನಿಯಂ-ಮೆಗ್ನೀಸಿಯಂ ಮಿಶ್ರಲೋಹ, ಆದರೆ ಅದರಲ್ಲೇ ಏಣಿ, ಬಾಗಿಲು, ಅಡಿಪಾಯದ ಚೌಕಟ್ಟುಗಳು ಉಕ್ಕಿನವು. ಎರಡೂ ಕೂಡುವಲ್ಲಿ ಕಟ್ಟಿದವರೇ ರಬ್ಬರ್ ಪಟ್ಟಿ ಮತ್ತು ವಿದ್ಯುತ್ ಹಾಯದಂತೆ ಬೇರ್ಪಡಿಸುವ ಬೋಲ್ಟ್ ಹಾಕಿದ್ದರು. ವರ್ಷಗಳ ಮೇಲೆ ಆ ರಬ್ಬರ್ ಒಣಗಿ ಬಿರಿಯುತ್ತದೆ. ಆಮೇಲೆ ಉಪ್ಪುನೀರಿನ ತೇವವೊಂದೇ ಸಾಕು, ಉಕ್ಕು ಉಳಿದು ಅಲ್ಯೂಮಿನಿಯಂ ಕರಗತೊಡಗುತ್ತದೆ. ಕೆಂಪು ತುಕ್ಕು ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದನ್ನೇ ಉಜ್ಜುತ್ತಾರೆ. ಹುಡುಕಬೇಕಾದ್ದು ಬೋಲ್ಟಿನ ಸುತ್ತ ಬಣ್ಣದಡಿ ಉಬ್ಬಿರುವ ಬಿಳಿ ಪುಡಿಯನ್ನು.

ಯಾವಾಗ

ಹೊರಗಿನ ಕೆಲಸಕ್ಕೆ ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಅವಧಿ ಬಿಟ್ಟರೆ ಬೇರೆ ಗತಿಯಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ಇದು. ಬೆಸುಗೆಯವರನ್ನು ಮುಂಚೆಯೇ ಗೊತ್ತು ಮಾಡಿ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದುರಸ್ತಿಗೆ ಬರುತ್ತವೆ, ಆಗ ಬೈತಖೋಲ ಬಂದರಿನ ಕಡೆ ಒಳ್ಳೆಯ ಕೈ ಸಿಗುವುದು ಕಷ್ಟ. ಉಕ್ಕಿನ ಟ್ರಾಲರ್ ತಟ್ಟಿ ನೋಡಿ ತಗಡಿನ ದಪ್ಪ ಹೇಳಬಲ್ಲವರು ಅವರೇ.

ಒಳಗೆ ಕಾಲಿಡುವ ಮೊದಲು

ಇದೊಂದನ್ನು ಯಾರೂ ಲಘುವಾಗಿ ನೋಡಬಾರದು. ವರ್ಷಗಟ್ಟಲೆ ಮುಚ್ಚಿದ್ದ ಟ್ಯಾಂಕು, ತಳದ ಬಿಲ್ಜ್ ಕೋಣೆಗಳಲ್ಲಿ ತುಕ್ಕೇ ಆಮ್ಲಜನಕವನ್ನು ತಿಂದು ಮುಗಿಸಿರುತ್ತದೆ. ವಾಸನೆ ಬರುವುದಿಲ್ಲ, ಉಸಿರು ಕಟ್ಟುವ ಸೂಚನೆಯೂ ಇರುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಮುಚ್ಚಳ ತೆಗೆದು ಬ್ಲೋವರ್ ಹಚ್ಚಿ, 24 ಗಂಟೆ ಗಾಳಿಯಾಡಿಸಿ, ಗ್ಯಾಸ್ ಮೀಟರನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಅಳೆಯಿರಿ. ಆಮ್ಲಜನಕ 19.5ರಿಂದ 23.5 ಶೇಕಡದ ಒಳಗಿದ್ದರೆ ಮಾತ್ರ ಇಳಿಯುವುದು. ಮೇಲೆ ಒಬ್ಬ ಕಾವಲಿರಲೇಬೇಕು.

ಹಳೆಯ ಬಣ್ಣದಲ್ಲಿ ಸೀಸ, ಪೈಪಿನ ಹೊದಿಕೆಯಲ್ಲಿ ಕಲ್ನಾರು ಇರಬಹುದು. ಆ ಕಾಲದ ನೌಕೆಗಳಲ್ಲಿ ಎರಡೂ ಸಾಮಾನ್ಯ. ಪ್ರಯೋಗಾಲಯದ ಉತ್ತರ ಬರುವವರೆಗೆ ಗ್ರೈಂಡರ್ ಮುಟ್ಟಬೇಡಿ.

ನೀರಿಗೆ ದಾರಿ

ಓಸಾ ನೌಕೆಗಳ ಡೆಕ್ ನಡುವೆ ತುಸು ಉಬ್ಬಿದ್ದು, ಬಿದ್ದ ನೀರು ಅಂಚಿಗೆ ಹರಿಯುವಂತಿದೆ. ಸಮುದ್ರದಲ್ಲಿ ಅದು ಸರಿಯೇ. ದಡದ ಮೇಲೆ ಅಂಚಿನ ಕಿಂಡಿಗಳಿಗೆ ಗಾಳಿಮರದ ಎಲೆಯೂ ಮರಳೂ ಮೆತ್ತಿಕೊಂಡರೆ ಅಂಚು ಹೊಂಡವಾಗುತ್ತದೆ. ಬಕೆಟ್ ನೀರು ಸುರಿದು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಒಣಗದ ಜಾಗವೇ ಕೆಲಸದ ಮೊದಲ ಪಟ್ಟಿ.

ನೌಕೆ ಇನ್ನು ತೇಲಬೇಕಿಲ್ಲ. ಆದ್ದರಿಂದ ತಳದ ಪ್ರತಿ ಕೋಣೆಯ ಅತಿ ತಗ್ಗಿನ ಬಿಂದುವಿನಲ್ಲಿ 25 ಮಿ.ಮೀ. ತೂತು ಕೊರೆದು, ಅಂಚನ್ನು ಗುಂಡಗೆ ಉಜ್ಜಿ, ಒಂದು ತುಂಡು ಪೈಪ್ ಬೆಸೆದು ಜಾಲರಿ ಹಾಕಿ. ಜಾಲರಿ ಇಲ್ಲದಿದ್ದರೆ ಇಲಿ, ಬಾವಲಿ ಸಂಸಾರ ಹೂಡುತ್ತವೆ. ನೌಕೆ ಕುಳಿತ ದಿಮ್ಮಿಗಳ ಮೇಲ್ಮೈಯಲ್ಲಿ ತೇವ ನಿಲ್ಲುವುದರಿಂದ ಒಡಲು ಅಲ್ಲೇ ಹೆಚ್ಚು ತೆಳುವಾಗಿರುತ್ತದೆ. ದಿಮ್ಮಿಯನ್ನು ಒಂದೊಂದಾಗಿ, ಪಕ್ಕದಲ್ಲಿ ಜ್ಯಾಕ್ ಆಧಾರ ಕೊಟ್ಟ ಮೇಲೆಯೇ ತೆಗೆದು ಆ ಜಾಗ ಶುಚಿಮಾಡಿ.

ತಗಡು ಮತ್ತು ಬೆಸುಗೆ

ಒಡಲಿನ ಮೇಲೆ 500 ಮಿ.ಮೀ. ಚೌಕ ಎಳೆದು ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ಅಳೆದು ಬರೆದಿಡಿ. ಬೆಸುಗೆಸಾಲು ಮತ್ತು ದಿಮ್ಮಿ ಜಾಗದಲ್ಲಿ ಇನ್ನೂ ಹತ್ತಿರ ಹತ್ತಿರ. ಮೂಲ ದಪ್ಪದ ಕಾಲು ಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಆ ತುಂಡು ಕತ್ತರಿಸಿ ಹೊಸದು ಕೂರಿಸಬೇಕು. ಮೂಲೆಗಳು 75 ಮಿ.ಮೀ. ತ್ರಿಜ್ಯದಲ್ಲಿ ಗುಂಡಗಿರಲಿ, ಚೂಪು ಮೂಲೆಯಿಂದ ಬಿರುಕು ಹೊರಡುತ್ತದೆ. ಹಳೆಯ ತಗಡಿನ ಮೇಲೆ ಹೊಸತನ್ನು ತೇಪೆ ಹಾಕುವ ಅಗ್ಗದ ದಾರಿ ಬೇಡ: ಎರಡರ ನಡುವೆ ಸೇರಿದ ನೀರು ಒಳಗಿಂದಲೇ ಎರಡನ್ನೂ ತಿನ್ನುತ್ತದೆ, ಹೊರಗಿನವರಿಗೆ ಕಾಣುವುದು ತೂತು ಬಿದ್ದ ಮೇಲೆ. ಬೆಸುಗೆಯ ಆಚೆ ಬದಿಯ ಹೊದಿಕೆ ಕಿತ್ತು, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಬೆಂಕಿಗೆ ಕಾವಲಿರಿಸಿ.

ಅಲ್ಯೂಮಿನಿಯಂ ಭಾಗಕ್ಕೆ ಆರ್ಗಾನ್ ಬೆಸುಗೆ, ಇಆರ್ 5356 ತಂತಿ. ಉಕ್ಕಿಗೆ ಬಳಸಿದ ತಂತಿಬ್ರಷ್ಷನ್ನು ಇಲ್ಲಿ ಬಳಸಿದರೆ ಉಕ್ಕಿನ ಕಣಗಳು ಮೆತ್ತಿ ಅಲ್ಲೇ ಹೊಸ ಸವೆತ ಶುರು. ಇದಕ್ಕೆಂದೇ ಸ್ಟೇನ್‌ಲೆಸ್ ಬ್ರಷ್ ಬೇರೆ ಇಡಿ. ಎರಡು ಲೋಹ ಸೇರುವ ಪ್ರತಿ ಜಾಗವನ್ನೂ ಬಿಚ್ಚಬೇಕು. ಇಡೀ ದುರಸ್ತಿಯಲ್ಲಿ ಹೆಚ್ಚು ದಿನ ಹಿಡಿಯುವುದೂ ಗುತ್ತಿಗೆದಾರರು ಹಾರಿಸಲು ನೋಡುವುದೂ ಇದನ್ನೇ. ಎರಡೂ ಮುಖಕ್ಕೆ ಎಪಾಕ್ಸಿ ಪ್ರೈಮರ್ ಹಚ್ಚಿ ಒಣಗಿಸಿ, 3 ಮಿ.ಮೀ. ನಿಯೋಪ್ರೀನ್ ಪಟ್ಟಿ ಇಟ್ಟು, ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ಬುಷ್ ಮತ್ತು ವಾಷರ್ ತೊಡಿಸಿ, ಪಾಲಿಸಲ್ಫೈಡ್ ಸೀಲಂಟ್ ಹಸಿಯಿರುವಾಗಲೇ ಬಿಗಿಯಿರಿ. ಪ್ಲೇಟಿಗೆ ಬುಷ್ ಹಾಕಿ ನಟ್ಟಿನ ಕೆಳಗೆ ವಾಷರ್ ಮರೆತರೆ ಇಷ್ಟೂ ದಂಡ. ಮಲ್ಟಿಮೀಟರಿನಲ್ಲಿ ಬೋಲ್ಟಿಗೂ ಅಲ್ಯೂಮಿನಿಯಮ್ಮಿಗೂ ನಡುವೆ ವಿದ್ಯುತ್ ಹಾಯುತ್ತದೆಯೇ ನೋಡಿ. ಹಾಯ್ದರೆ ಬಿಚ್ಚಿ ಮತ್ತೆ ಕಟ್ಟಿ.

ಇನ್ನು ಬಣ್ಣ

ಮೊದಲು ಸಿಹಿನೀರಿನ ಜೆಟ್. ಬಾವಿಯ ನೀರಾದರೆ ಉಪ್ಪಿನಂಶ ಪರೀಕ್ಷಿಸಿ, ಕಡಲತಡಿಯ ಬಾವಿಯನ್ನು ನಂಬುವಂತಿಲ್ಲ. ತೊಳೆದ ಮೇಲೆ ಉಕ್ಕಿನ ಮೇಲೆ ಉಳಿದ ಉಪ್ಪು ಚದರ ಮೀಟರಿಗೆ 50 ಮಿಲಿಗ್ರಾಂ ಮೀರಬಾರದು. ಇದನ್ನು ಬ್ರೆಸಲ್ ಪಟ್ಟಿಯಿಂದ ಅಳೆಯುತ್ತಾರೆ, ನೆಕ್ಕಿ ನೋಡಿ ಅಲ್ಲ.

ಉಕ್ಕಿಗೆ ಎಸ್‌ಎ 2½ ಮಟ್ಟದವರೆಗೆ, ಅಂದರೆ ಬಹುತೇಕ ಬರಿಯ ಲೋಹ ಕಾಣುವವರೆಗೆ, ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಟ್ಟಿ ಕಣ ಎರಚಿ ಉಜ್ಜುವುದು). ಅಲ್ಯೂಮಿನಿಯಂಗೆ ಗಾರ್ನೆಟ್ ಮಾತ್ರ, ಕಡಿಮೆ ಒತ್ತಡದಲ್ಲಿ. ಉಕ್ಕಿನ ಹರಳಾಗಲಿ ತಾಮ್ರದ ಸ್ಲ್ಯಾಗ್ ಆಗಲಿ ಬೇಡ. ಬೀಚಿನಲ್ಲೇ ಮರಳು ಬಿದ್ದಿದೆಯಲ್ಲ ಎಂದು ಅದನ್ನೇ ಬಳಸುವವರಿಗೆ ಎರಡು ನಷ್ಟ: ಕೆಲಸಗಾರನಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ, ನೌಕೆಗೆ ಉಪ್ಪು.

ಮಧ್ಯಾಹ್ನಕ್ಕೆ ಕಡಲಗಾಳಿ ಏಳುತ್ತದೆ, ಜೊತೆಗೆ ಉಪ್ಪು ತರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬ್ಲಾಸ್ಟ್ ಮಾಡಿದ ಜಾಗಕ್ಕೆ 4 ತಾಸಿನೊಳಗೆ ಪ್ರೈಮರ್ ಬೀಳಬೇಕು; ಅಷ್ಟೇ ಜಾಗವನ್ನು ದಿನಕ್ಕೆ ಹಿಡಿಯಿರಿ. ಗಾಳಿಯ ತೇವ 85 ಶೇಕಡ ದಾಟಿದ್ದರೆ, ಅಥವಾ ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 3 ಡಿಗ್ರಿಯಾದರೂ ಮೇಲಿಲ್ಲದಿದ್ದರೆ ಆ ದಿನ ಬಣ್ಣವಿಲ್ಲ.

ಉಕ್ಕಿಗೆ ಸತುವಿನ ಎಪಾಕ್ಸಿ ಪ್ರೈಮರ್ 60 ಮೈಕ್ರಾನ್, ಮೇಲೆ ಎಪಾಕ್ಸಿ 200, ಕೊನೆಗೆ ಪಾಲಿಯುರಿಥೇನ್ 60. ಅಲ್ಯೂಮಿನಿಯಂಗೆ ಸತುವಿನ ಪ್ರೈಮರ್ ಬದಲು ಸಾದಾ ಎಪಾಕ್ಸಿ ಪ್ರೈಮರ್. ಅಂಚು, ಬೆಸುಗೆಸಾಲು, ಬೋಲ್ಟ್ ತಲೆಗಳಿಗೆ ಪ್ರತಿ ಪದರಕ್ಕೆ ಮುಂಚೆ ಬ್ರಷ್ಷಿನಲ್ಲಿ ಒಂದು ಸುತ್ತು ಹಚ್ಚಬೇಕು; ಚೂಪು ಅಂಚಿನಲ್ಲಿ ಬಣ್ಣ ತಾನಾಗಿಯೇ ತೆಳುವಾಗುತ್ತದೆ. ಎಷ್ಟು ಬಣ್ಣ ಬೇಕೆಂಬ ಲೆಕ್ಕ ಸುಲಭ: ಘನಾಂಶದ (ಒಣಗಿದ ಮೇಲೆ ಉಳಿಯುವ ಭಾಗ) ಶೇಕಡವನ್ನು 10ರಿಂದ ಗುಣಿಸಿ ಪದರದ ದಪ್ಪದ ಮೈಕ್ರಾನಿನಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಚದರ ಮೀಟರ್ ಎಂದು ಸಿಗುತ್ತದೆ. 80 ಶೇಕಡ ಘನಾಂಶದ ಎಪಾಕ್ಸಿ 200 ಮೈಕ್ರಾನಿಗೆ 4 ಚದರ ಮೀಟರ್. ಉದಾಹರಣೆಗೆ 600 ಚದರ ಮೀಟರಿಗೆ 150 ಲೀಟರ್. ಗಾಳಿಗೆ 30 ಶೇಕಡ ಹೋಯಿತೆಂದು ಹಿಡಿದರೆ 215 ಲೀಟರ್ ತರಿಸಿ. ಬೂದುಬಣ್ಣದ ಛಾಯೆಯನ್ನು ಕಣ್ಣಂದಾಜಿನಲ್ಲಿ ಆರಿಸದೆ, ಬಿಸಿಲು ಬೀಳದ ಯಾವುದಾದರೂ ಪಟ್ಟಿಯಡಿಯ ಹಳೆಯ ಪದರದ ಜೊತೆ ಹೊಂದಿಸಿ ನೌಕಾಪಡೆಯವರ ಒಪ್ಪಿಗೆ ಪಡೆಯಿರಿ.

ಇತಿಹಾಸದ ಫಲಕ

ಇಲ್ಲಿಯೂ ತೇಪೆ ಕೆಲಸ ನಡೆಯುತ್ತದೆ. ಚಪಲ 1971ರ ಯುದ್ಧದಲ್ಲಿ ಹೋರಾಡಿತು ಎಂದು ಬರೆದುಬಿಡುವುದು ಸುಲಭ, ಬಂದವರಿಗೂ ಇಷ್ಟವಾಗುತ್ತದೆ. ಆದರೆ ಅದು ನೌಕಾಪಡೆ ಸೇರಿದ್ದೇ 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಬಿಟ್ಟವು ನಿರ್ಘಾತ್, ನಿಪಾತ್, ವೀರ್. ಅವು ಹಿಂದಿನ ಓಸಾ-1 ಮಾದರಿಯವು. ಆ ದಿನವನ್ನೇ ನೌಕಾಪಡೆ ದಿನವೆಂದು ಆಚರಿಸುವುದು. ವ್ಯತ್ಯಾಸ ಮಕ್ಕಳಿಗೂ ತೋರಿಸಬಹುದು: ಓಸಾ-1ರ ಕ್ಷಿಪಣಿ ಗೂಡುಗಳು ಪೆಟ್ಟಿಗೆಯಂತೆ, ಓಸಾ-2ರವು ಉರುಳೆಯಂತೆ. ‘ಅದೇ ವಂಶದ ಮುಂದಿನ ತಲೆಮಾರು’ ಎಂದು ಬರೆದರೆ ನಿಜವೂ ಆಯಿತು, ಗೌರವವೂ ಉಳಿಯಿತು. ಹೆಸರಿನ ಅರ್ಥವನ್ನೂ ಒಂದು ಸಾಲಿನಲ್ಲಿ ಹೇಳಿ. ಚಪಲ ಎಂದರೆ ಇಲ್ಲಿ ಚುರುಕಿನದು, ಬಾಯಿಚಪಲದ ಚಪಲ ಅಲ್ಲ.

ಪಕ್ಕದಲ್ಲೇ 2006ರ ನವೆಂಬರ್ 7ರಂದು ಅನಾವರಣಗೊಂಡ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. ಕಾರವಾರದ ಚೆಂಡಿಯಾದಲ್ಲಿ ಹುಟ್ಟಿದ ಅವರಿಗೆ ಪರಮವೀರ ಚಕ್ರ ಬಂದದ್ದು 1948ರ ನೌಶೇರಾ–ರಜೌರಿ ಕಾರ್ಯಾಚರಣೆಗೆ, ಭೂಸೇನೆಯ ಎಂಜಿನಿಯರ್ ಅಧಿಕಾರಿಯಾಗಿ. ನೌಕೆಯ ಫಲಕದಲ್ಲಿ ಅವರನ್ನು ಬೆರೆಸಿದರೆ ನೋಡುವವರು ನಾವಿಕರೆಂದುಕೊಳ್ಳುತ್ತಾರೆ. ಅವರಿಗೆ ಬೇರೆಯದೇ ಫಲಕವಿರಲಿ.

ಫಲಕ ಯಾವುದೇ ಇರಲಿ, ಅದನ್ನು ತೂಗುಹಾಕಲು ನೌಕೆಗೆ ಸ್ಕ್ರೂ ಹೊಡೆಯಬೇಡಿ. ಬಣ್ಣದ ಪದರ ಸೀಳಿದ ಅದೊಂದು ತೂತಿನಿಂದಲೇ ಮುಂದಿನ ಜೂನಿನಲ್ಲಿ ತುಕ್ಕಿನ ಗೆರೆ ಇಳಿಯುತ್ತದೆ. ನೆಲದಲ್ಲಿ ಕಾಂಕ್ರೀಟ್ ಪಾದ ಕೂರಿಸಿ, ಒಡಲಿನಿಂದ ಅರ್ಧ ಮೀಟರ್ ದೂರದಲ್ಲಿ ಸ್ಟ್ಯಾಂಡ್ ನಿಲ್ಲಿಸಿ. ಹಿಂದೆ ಬ್ರಷ್ ಹಿಡಿದವನೊಬ್ಬ ಓಡಾಡುವಷ್ಟು ಜಾಗ ಬೇಕು.