ಮುರ್ಘಾಸ್ ಬೇಲ್ ಕಟ್ಟಿ ಪ್ಯಾಕ್ ಮಾಡೋದು ಹೆಂಗ

ಮುರ್ಘಾಸ್ ಅಂದ್ರ ಹಸಿ ಮೇವು ಗಾಳಿ ತಾಗದಂಗ ಮುಚ್ಚಿ ಹುಳಿ ಬರಿಸಿದ್ದು (ಸೈಲೇಜ್), ಬೇಲ್ ಅಂದ್ರ ಅದನ್ನ ಒತ್ತಿ ಕಟ್ಟಿದ ಪಿಂಡಿ. ಪುಣೆ ಜಿಲ್ಲಾದ ದೌಂಡ್, ಇಂದಾಪುರ ಕಡೆ ಹೈನ ಮಾಡೋ ನಮ್ಮ ಮಂದಿಗೆ ಬೇಲ್ ಕಟ್ಟೋ ಮಷಿನ್, ಅಂದ್ರ ಬೇಲರ್, ಬಾಡಿಗಿಗೆ ಸಿಗ್ತದ (ನಾಕೈದು ಆಕಳಿದ್ರ ಮಷಿನ್ ಕೊಳ್ಳೋದೇನೂ ಬ್ಯಾಡ), ಆದ್ರ ಬೇಲ್ ಬಿಚ್ಚಿದಾಗ ಬೂಷ್ಟು ಕಂಡ್ರ ಮಷಿನ್ ಬೈತಾರ, ಬಹಳ ಸಲ ತಪ್ಪು ಒಳಗ ಉಳಿದ ಗಾಳೀದು.

ಮೊದಲ ಗೋವಿನಜೋಳ ನೋಡ್ರಿ. ಕಾಳಿನಾಗ ಹಾಲು ಅರ್ಧ ಗಟ್ಟಿಯಾಗಿ ಹಿಟ್ಟಾಗಿರಬೇಕು, ಆವಾಗ ಕೊಯ್ದು, ಮೇವು ಕತ್ತರಿಸೋ ಕುಟ್ಟಿ ಮಷಿನ್‌ದಾಗ 1-2 ಸೆಂ.ಮೀ. ತುಂಡು ಮಾಡ್ರಿ, ಉದ್ದ ಇದ್ರ ದಂಟಿನ ನಡುವ ಗಾಳಿ ಕೂಡ್ತದ. ಒಂದ್ ಮುಷ್ಟಿ ಕುಟ್ಟಿ (ಕತ್ತರಿಸಿದ ಮೇವು) ಹಿಡಿದು ಗಟ್ಟಿ ಹಿಂಡ್ರಿ, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದ್ರ ಇನ್ನೂ ಹಸಿ, ಬಿಟ್ಟ ಕೂಡ್ಲೇ ಉದುರಿದ್ರ ಒಣಗಿ ಹೋಗೇದ, ಉಂಡಿ ಮೆಲ್ಲಕ ಬಿಚ್ಚಿ ಅಂಗೈಗೆ ಬರೀ ತೇವ ಉಳಿದ್ರ ಸರಿ.

ಬೇಲರಿಗೆ ಕುಟ್ಟಿ ಒಂದೇ ಸಮ ಹಾಕ್ರಿ, ಒಮ್ಮೆ ರಾಶಿ ಒಮ್ಮೆ ಖಾಲಿ ಬಿಟ್ರ ಬೇಲ್ ಒಂದ್ ಕಡೆ ಮೆತ್ತಗಾಗ್ತದ. ಬೇಲಿಗೆ ಸುತ್ತೋ ನೆಟ್ ಮಷಿನ್‌ದಾಗ ಸಿಕ್ಕೊಂಡ್ರ ಪಿಟಿಓ (ಟ್ರ್ಯಾಕ್ಟರಿಂದ ಮಷಿನ್ ತಿರುಗಿಸೋ ಶಾಫ್ಟ್) ಬಂದ್, ಇಂಜಿನ್ ಬಂದ್, ಕೀಲಿ ಕಿಸೆದಾಗ, ಆಮ್ಯಾಲೆ ಕೈ ಹಾಕ್ರಿ.

ಕಟ್ಟಿದ ಬೇಲ್ ರಾತ್ರಿ ಹಂಗ ಬಿಡಬ್ಯಾಡ್ರಿ, ಬಿಸಿಯಾಗಿ ಕೆಡ್ತದ, ಅವತ್ತೇ ಸುತ್ತಬೇಕು. 25 ಮೈಕ್ರಾನ್ ಸ್ಟ್ರೆಚ್ ಫಿಲ್ಮ್, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು, ಕಮ್ಮಿ ಅಂದ್ರೂ 4 ಪದರ, ಬ್ಯಾಸಗಿ ತನಕ ಇಡೋದಿದ್ರ 6. ಗಾಡಿಯವ ಫಿಲ್ಮ್ ಉಳಿಸಾಕ ಸುತ್ತು ಕಮ್ಮಿ ಮಾಡ್ತಾನ, ನೀವ ಮುಂದ ನಿಂತು ಎಣಿಸ್ರಿ ಅಷ್ಟ. ಫಿಲ್ಮ್ ಬದಲು ಚೀಲದಾಗ ಹಾಕೋದಿದ್ರ ಒಳಗ ದಪ್ಪ ಪ್ಲಾಸ್ಟಿಕ್ ಲೈನರ್ ಇರಬೇಕು, ಬೇಲ್ ಬಿಗಿಯಾಗಿ ಕೂಡೋ ಅಳತೀದೇ ತಗೋರಿ, ಮ್ಯಾಲಿನ ಗಾಳಿ ಒತ್ತಿ ತೆಗೆದು ಬಾಯಿ ತಿರುವಿ, ಹಿಂದಕ್ಕ ಮಡಚಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡ್ ಸಲ ಬಿಗೀರಿ. ಬರೀ ಗೊಬ್ಬರದ ಚೀಲದಾಗ ತುಂಬಿದ್ರ ದುಡ್ಡು ದಂಡ.

ಸುತ್ತಿದ ಬೇಲ್ ಚಪ್ಪಟಿ ಮುಖದ ಮ್ಯಾಲ ನಿಲ್ಲಿಸ್ರಿ, ಅಲ್ಲೇ ಪದರ ಜಾಸ್ತಿ ಇರ್ತಾವ. ಕೆಳಗ ಕಲ್ಲು, ಕೂಳಿ ಇರಬಾರ್ದು. ಇಲಿ, ಕಾಗಿ ತೂತು ಮಾಡಿದ್ರ ಅವತ್ತೇ ಒರೆಸಿ ಸೈಲೇಜ್ ಟೇಪ್ ಹಚ್ಚ್ರಿ, ಮನಿ ಸೆಲೋಟೇಪ್ ಬಿಸಿಲಿಗೆ ಬಿಚ್ಕೋತದ.

ಸುಮಾರು 45 ದಿನಕ್ಕ ಬಿಚ್ಚಬಹುದು. ಹಳದಿ ಹಸಿರು ಬಣ್ಣ, ಹುಳಿ ವಾಸನಿ ಇದ್ರ ಹಾಕ್ರಿ, ಬೂಷ್ಟು ಹಿಡಿದಿದ್ದು ತಿಪ್ಪಿಗೆ, ಗಬ್ಬದ ಆಕಳಿಗಂತೂ ಬ್ಯಾಡೇ ಬ್ಯಾಡ. ಮೊದಲ ದಿನ ನಾಕೈದು ಕಿಲೋ, ವಾರದಾಗ 15-20ಕ್ಕ ಏರಿಸ್ರಿ, ಬಿಚ್ಚಿದ ಬೇಲ್ ಒಂದೆರಡು ದಿನದಾಗ ಖಾಲಿ ಆಗಬೇಕು.