ಪೋಸ್ಟ್‌ಗ್ರೆಸ್‌ಗೆ ಬಂದೆವು, ಐವತ್ತು ಪೈಸೆಯನ್ನೂ ಬಿಡದೆ

ನಮ್ಮದು ಹುಬ್ಬಳ್ಳಿಯ ಹೋಲ್‌ಸೇಲ್ ಕಂಪನಿ. ಗೋಕುಲ ರೋಡಿನಲ್ಲಿ ಆಫೀಸು, ಗದಗ ಮತ್ತು ರಾಣೆಬೆನ್ನೂರಿನಲ್ಲಿ ಗೋಡೌನು. ಕಿರಾಣಿ ಅಂಗಡಿಗಳಿಗೆ ಸೋಪಿನಿಂದ ಸಾಂಬಾರ ಪುಡಿವರೆಗೆ ಎಲ್ಲ ಹೋಗುತ್ತದೆ. ಡೇಟಾ ವೇರ್‌ಹೌಸಿನಲ್ಲಿ, ಅಂದರೆ ವರದಿ ತೆಗೆಯೋಕೆ ಅಂತ ಲೆಕ್ಕವೆಲ್ಲ ಕೂಡಿಟ್ಟ ಡೇಟಾಬೇಸಿನಲ್ಲಿ, 12 ವರ್ಷದ ಬಿಲ್ಲುಗಳಿವೆ. ಬಿಲ್ಲಿನ ಒಂದೊಂದು ಸಾಮಾನಿಗೂ ಒಂದು ಸಾಲು ಇರುವ ಬಿಲ್ ಲೈನ್ ಟೇಬಲ್ ಒಂದೇ ಹತ್ತಿರ ಹತ್ತಿರ 40 ಕೋಟಿ ಸಾಲು. ಅದನ್ನೆಲ್ಲ ಪೋಸ್ಟ್‌ಗ್ರೆಸ್ ಅನ್ನೋ ಬಿಟ್ಟಿ ಡೇಟಾಬೇಸಿಗೆ ತಂದು, ಹೋದ ತಿಂಗಳು ಹಳೇ ಡೇಟಾಬೇಸಿನ ವೈರ್ ಕಿತ್ತೆ. ಆಗೋದಿಲ್ಲ ಅಂದವರು ಬಹಳ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ದುಡ್ಡಿನಿಂದ. ಲೈಸೆನ್ಸ್ ಮುಂದುವರಿಸೋಕೆ ಬಂದ ಕೊಟೇಶನ್ ಸುಮಾರು 19 ಲಕ್ಷ. ಅದಕ್ಕೂ ಹಿಂದಿನ ಸಲ 13 ಇತ್ತು ಅಂತ ನೆನಪು. ನಾನು ಪೋಸ್ಟ್‌ಗ್ರೆಸ್ ಅಂದೆ. ಸಾವಕಾರರು ಚಹಾ ಕೆಳಗಿಟ್ಟು ಕೇಳಿದರು: "ಬಿಟ್ಟಿ ಸಾಮಾನು ಅಂತೀ. ನಡುರಾತ್ರಿ ಕೈ ಕೊಟ್ರ ಯಾರಿಗೆ ಫೋನ್ ಹಚ್ಚೂದು?"

ಪ್ರಶ್ನೆ ಸರಿಯಾಗೇ ಇತ್ತು. 1996ರಿಂದ ಆ ಹೆಸರಲ್ಲಿ ನಡೆಯುತ್ತಿದೆ, ಪ್ರತಿ ದೊಡ್ಡ ಆವೃತ್ತಿಗೂ ಐದು ವರ್ಷ ತಿದ್ದುಪಡಿ ಬರುತ್ತದೆ ಅಂತೆಲ್ಲ ಹೇಳಿದೆ. ಅವರ ಮುಖ ಬದಲಾಗಲಿಲ್ಲ. ಕೊನೆಗೆ ವರ್ಷಕ್ಕೆ ಮೂರೂವರೆ ಲಕ್ಷದಷ್ಟು ಕೊಟ್ಟು ಒಂದು ಸಪೋರ್ಟ್ ಕಂಪನಿಯ ಜೊತೆ ಕರಾರು ಮಾಡಿದೆ. ಸಾವಕಾರರು ಒಂದು ರಾತ್ರಿ ಹನ್ನೊಂದೂವರೆಗೆ ಸುಮ್ನೆ ಆ ನಂಬರಿಗೆ ಫೋನ್ ಮಾಡಿ ನೋಡಿದರು. ಎತ್ತಿದರು. ಮರುದಿನ ಬೆಳಿಗ್ಗೆ ಸರ್ವರಿಗೆ ಆರೂವರೆ ಲಕ್ಷದ ಚೆಕ್ ಬಂತು.

ಮೊದಲ ಲೋಡ್ ಮಣ್ಣು ಮುಕ್ಕಿತು. ಇಂಡೆಕ್ಸುಗಳನ್ನೆಲ್ಲ (ಬೇಗ ಹುಡುಕೋಕೆ ಇಡುವ ಪಟ್ಟಿ) ಮೊದಲೇ ಕಟ್ಟಿ, ಇನ್ಸರ್ಟ್ ಮಾಡುತ್ತಾ ಕೂತೆ. ಹಾಗೆ ಮಾಡಿದರೆ ಪ್ರತಿ ಸಾಲಿಗೂ ಎಲ್ಲ ಇಂಡೆಕ್ಸನ್ನೂ ತಿದ್ದಬೇಕು. ಮೂರು ದಿನಕ್ಕೆ ಅರ್ಧವೂ ಆಗಲಿಲ್ಲ. ಇದು ನಿಮಗೆಲ್ಲ ಗೊತ್ತಿರೋದೇ, ನನಗೂ ಗೊತ್ತಿತ್ತು, ಆದರೂ ಮಾಡಿದೆ. ಎರಡನೇ ಸಲ ಸಾಲುಗಳನ್ನು ಗಂಟುಗಟ್ಟಲೆ ಒಟ್ಟಿಗೇ ತುಂಬುವ ಕಾಪಿ ಕಮಾಂಡ್ ಹಿಡಿದೆ. ಜಾಸ್ತಿ ಬುದ್ಧಿವಂತ ಅಲ್ವಾ, ಬೇಗ ಆಗಲಿ ಅಂತ ಎಫ್‌ಸಿಂಕ್, ಅಂದರೆ ಬರೆದದ್ದು ಡಿಸ್ಕಿಗೆ ಇಳಿಯೋವರೆಗೆ ಕಾಯುವ ಸೆಟ್ಟಿಂಗ್, ಆಫ್ ಮಾಡಿದೆ. ಮೇ ತಿಂಗಳು. ಸಂಜೆ ಐದಕ್ಕೆ ಅಡ್ಡಮಳೆ ಶುರುವಾಯಿತು, ಗುಡುಗಿತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಕರೆಂಟ್ ಬಂದ ಮೇಲೆ ಸರ್ವರ್ ಎದ್ದಿತು, ಡೇಟಾ ಏಳಲಿಲ್ಲ. ಡೇಟಾಬೇಸ್ ಪೂರ್ತಿ ಅಳಿಸಿ ಒಂದರಿಂದ ಶುರು. ಹೊಸ ಬ್ಯಾಟರಿಗೆ 38 ಸಾವಿರ ಹೋಯಿತು. ಅದನ್ನು ಬಜೆಟ್ಟಿನಲ್ಲಿ ಬರೆದೇ ಇರಲಿಲ್ಲ, "ಇತರೆ" ಅಂತ ಸೇರಿಸಿದೆ.

ಮೂರನೇ ಸಲ ನಾಲ್ಕು ಕೆಲಸಗಾರ ಪ್ರೋಸೆಸ್ ಹಚ್ಚಿ ಒಂದೇ ಟೇಬಲಿಗೆ ಸುರಿದೆ. ಹತ್ತು ತಾಸಿನೊಳಗೆ ಮುಗಿಯಿತು, ಕುಣಿದಾಡಿದೆ. ಆಮೇಲೆ ಬಿಲ್ ತಾರೀಖಿನ ಮೇಲೆ ಬ್ರಿನ್ ಇಂಡೆಕ್ಸ್ (ಅಕ್ಕಪಕ್ಕದ ಪೇಜುಗಳ ಒಂದೊಂದು ಗುಂಪಿನಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದೆ ಅಂತ ಮಾತ್ರ ಬರೆದಿಡುವ ಪುಟ್ಟ ಇಂಡೆಕ್ಸ್) ಹಾಕಿದರೆ ಕೆಲಸಕ್ಕೇ ಬರಲಿಲ್ಲ. ನಾಲ್ಕೂ ಪ್ರೋಸೆಸ್ ಬೇರೆ ಬೇರೆ ವರ್ಷದ ಸಾಲು ತಂದು ಅಕ್ಕಪಕ್ಕದ ಪೇಜಿಗೆ ಸುರಿದಿದ್ದವು. 2014ರ ಮಗ್ಗುಲಿಗೆ 2021. ಬ್ರಿನ್‌ಗೆ ಬೇಕಾದ್ದೇ ಡಿಸ್ಕಿನ ಮೇಲೆ ಸಾಲುಗಳು ತಾರೀಖಿನ ಕ್ರಮದಲ್ಲಿ ಇರೋದು. ಕೊನೆಗೆ ಟೇಬಲನ್ನು ತಿಂಗಳಿಗೊಂದು ತುಂಡು, ಅಂದರೆ ಪಾರ್ಟಿಶನ್ ಮಾಡಿ, ಒಂದು ಪಾರ್ಟಿಶನ್‌ಗೆ ಒಂದೇ ಪ್ರೋಸೆಸ್ ಬಿಟ್ಟೆ. ಮಾಮೂಲಿ ಬಿ-ಟ್ರೀ ಇದ್ದಾಗ ಆ ಇಂಡೆಕ್ಸ್ ಮೂರು ಜಿಬಿ ಹತ್ತಿರ ಇತ್ತು, ಬ್ರಿನ್ ಕೆಲವೇ ಎಂಬಿ. ಇನ್ನೊಂದು: ಪಾರ್ಟಿಶನ್ ಮಾಡಿದ ತಾಯಿ ಟೇಬಲನ್ನು ಆಟೋವ್ಯಾಕ್ಯೂಮ್ (ತಾನಾಗೇ ಓಡುವ ಸ್ವಚ್ಛತೆಯ ಕೆಲಸ) ಅನಲೈಸ್ ಮಾಡೋದಿಲ್ಲ, ಅಂದರೆ ಡೇಟಾದ ಅಂಕಿಅಂಶ ಎಣಿಸಿಡೋದಿಲ್ಲ, ಕೈಯಿಂದಲೇ ಮಾಡಬೇಕು. ಅದನ್ನು ಮರೆತು ಒಂದು ವರದಿ 40 ನಿಮಿಷ ತಗೊಂಡಿತು. ಅನಲೈಸ್ ಆದ ಮೇಲೆ 20 ಸೆಕೆಂಡ್ ಇರಬಹುದು.

ಇದೆಲ್ಲ ಸುಲಭದ ಭಾಗ. ನಿಜವಾದ ಕಷ್ಟ ಹಳೇದರ ಜೊತೆ ಹೊಸದನ್ನು ತಾಳೆ ನೋಡೋದು.

ಅಕೌಂಟ್ಸಿನ ಅಕ್ಕ ಮೊದಲ ತಿಂಗಳ ವರದಿ ಹಿಡಿದು ಬಂದರು. ಒಟ್ಟು ಮಾರಾಟದಲ್ಲಿ ಆರು ಸಾವಿರ ಚಿಲ್ಲರೆ ವ್ಯತ್ಯಾಸ. ಕೋಟಿಗಟ್ಟಲೆ ವಹಿವಾಟಿನಲ್ಲಿ ಇದೇನು ಮಹಾ ಅಂದೆ. ಆ ಮಾತು ಆಡಬಾರದಿತ್ತು. ಮೂರು ವಾರ ಹುಡುಕಿದೆ. ಕಡೆಗೆ ಒಂದೇ ಒಂದು ಬಿಲ್ ಎದುರಿಗಿಟ್ಟುಕೊಂಡು ಕೂತೆ. 246 ರೂಪಾಯಿ 50 ಪೈಸೆ. ಹಳೆಯದರಲ್ಲಿ ರೌಂಡ್ ಆಗಿ 247, ನಮ್ಮದರಲ್ಲಿ 246. ಪರಿವರ್ತನೆಯ ಟೂಲ್ ಮೊತ್ತದ ಕಾಲಮನ್ನು ಡಬಲ್ ಪ್ರಿಸಿಷನ್, ಅಂದರೆ ಅಂದಾಜಿನ ದಶಾಂಶ ಸಂಖ್ಯೆ ಮಾಡಿಟ್ಟಿತ್ತು. ಅಲ್ಲಿ ರೌಂಡ್ ಮಾಡಿದರೆ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ಹೋಗುತ್ತದೆ. ದಶಾಂಶವನ್ನು ಇದ್ದ ಹಾಗೇ ಇಡುವ ನ್ಯೂಮೆರಿಕ್ ಆದರೆ ಮೇಲಕ್ಕೆ. ಕಾಲಮ್ ಬದಲಿಸಿದೆ, ವ್ಯತ್ಯಾಸ ಸೊನ್ನೆ. ಜಿಎಸ್‌ಟಿಗೆ ಮುಂಚಿನ, ಅಂದರೆ 2017 ಜೂನ್‌ವರೆಗಿನ ವ್ಯಾಟ್ ಕಾಲಮುಗಳಲ್ಲೂ ಇದೇ ಕತೆ, ಒಂದು ದಿನದಲ್ಲಿ ಮುಗಿಯಿತು.

ಆಮೇಲೆ ಅಂಗಡಿ ಹೆಸರುಗಳು. ಹಳೇ ಆಪರೇಟರುಗಳು ನುಡಿ ಸಾಫ್ಟ್‌ವೇರಿನ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ತೋರಿಸುವ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಫಾಂಟ್ ತೆಗೆದರೆ ತಲೆ ಮೇಲೆ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು. ಯೂನಿಕೋಡಿಗೆ ತಿರುಗಿಸಿದೆ, ಆದರೆ ಅರ್ಕಾವತ್ತು (ರ್ ಗುರುತು) ಆಸ್ಕಿಯಲ್ಲಿ ಅಕ್ಷರ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮೊದಲು ಇರಬೇಕು. ನನ್ನ ಸ್ಕ್ರಿಪ್ಟ್ ಇದ್ದ ಜಾಗದಲ್ಲೇ ಬಿಟ್ಟಿತು. "ದುರ್ಗಾ" ಹೋಗಿ "ದುಗಾರ್" ಆಯಿತು, "ಕರ್ನಾಟಕ" ಹೋಗಿ "ಕನಾರ್ಟಕ". ಗದಗಿನ ಸೇಲ್ಸ್ ಹುಡುಗ ಫೋನ್ ಮಾಡಿ, "ಸರ್, ಈ ದುಗಾರ್ ಅನ್ನೋರು ಯಾವ ಓಣಿಯವರು?" ಅಂದ. ಒಂದೇ ಅಂಗಡಿ ಎರಡು ಗಿರಾಕಿಯಾಗಿ ಎಣಿಕೆಯಾಗುತ್ತಿತ್ತು. ನಿಯಮಗಳನ್ನು ಯಾವ ಕ್ರಮದಲ್ಲಿ ಓಡಿಸಿದರೆ ಇದು ಸರಿ ಬರುತ್ತದೆ ಅನ್ನೋದು ನನ್ನ ಹತ್ತಿರ ಇದೆ, ಇಲ್ಲಿ ಬಿಡಿಸಿ ಹೇಳುವುದಿಲ್ಲ. ಧಾರವಾಡ ಪೇಡೆ ತಂದರೆ ಮಾತಾಡೋಣ.

ನಡುವೆ ಒಂದು ಅಡ್ಡದಾರಿ ಹಿಡಿದೆ. 12 ವರ್ಷದ್ದನ್ನೂ ಪಾರ್ಕೆ (ಕಾಲಮ್ ಪ್ರಕಾರ ಒತ್ತಿಡುವ ಫೈಲ್) ಮಾಡಿ ಲ್ಯಾಪ್‌ಟಾಪಿನಲ್ಲಿ ಡಕ್‌ಡಿಬಿ ಅನ್ನೋ, ಸರ್ವರ್ ಬೇಡದ ಪುಟ್ಟ ಡೇಟಾಬೇಸ್ ಓಡಿಸಿದೆ. 40 ಕೋಟಿ ಸಾಲಿನ ಮೊತ್ತ ಕೆಲವೇ ಸೆಕೆಂಡಿನಲ್ಲಿ ಬಂತು. ಎರಡು ದಿನ ಎಲ್ಲ ಬಿಟ್ಟು ಅದಕ್ಕೇ ಹೋಗೋಣ ಅನಿಸಿದ್ದು ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಸಲಕ್ಕೆ ಒಂದೇ ಪ್ರೋಸೆಸ್ ಬರೆಯಬಹುದು. ನಮ್ಮಲ್ಲಿ ಹದಿನೈದು ಜನ ನೋಡುತ್ತಿರುವಾಗಲೇ ಅಕೌಂಟ್ಸಿನವರು ಹಳೇ ಎಂಟ್ರಿ ತಿದ್ದುತ್ತಿರುತ್ತಾರೆ. ಹಾಗಾಗಿ ಎರಡೂ ಕಡೆಯ ಡೇಟಾ ತಾಳೆ ನೋಡೋಕೆ ಮಾತ್ರ ಅದನ್ನು ಇಟ್ಟುಕೊಂಡೆ. ಆ ಕೆಲಸಕ್ಕೆ ಅದಕ್ಕಿಂತ ಚೆಂದದ್ದು ನಾನು ಕಂಡಿಲ್ಲ.

ವರದಿ ತೋರಿಸೋಕೆ ಮೆಟಾಬೇಸ್, ರಾತ್ರಿ ಲೋಡಿಗೆ ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಬರೀ ಕ್ರಾನ್. ಅದೇ ಕೆಲಸದ ದೊಡ್ಡ ಟೂಲ್ ಏರ್‌ಫ್ಲೋ ಹಾಕು ಅಂದವರಿದ್ದರು. ಎಂಟು ಸ್ಕ್ರಿಪ್ಟಿಗೆ ಯಾಕೆ?

ಮೊದಲ ವರ್ಷದ ಖರ್ಚು ಎಲ್ಲ ಸೇರಿ 12 ಲಕ್ಷದ ಆಸುಪಾಸು, ನನ್ನ ಓವರ್‌ಟೈಮ್ ಬಿಟ್ಟು. ಮುಂದಿನ ವರ್ಷದಿಂದ ಸಪೋರ್ಟಿನದ್ದು ಮಾತ್ರ. ಪೋಸ್ಟ್‌ಗ್ರೆಸ್ ಈ ಸೈಜಿಗೆ ತಡೆಯೋದಿಲ್ಲ ಅಂತ ನಕ್ಕಿದ್ದ, ಹಳೇ ಡೇಟಾಬೇಸಿನ ಬೆಂಗಳೂರಿನ ಮಾರಾಟಗಾರ ಮತ್ತೆ ಫೋನ್ ಮಾಡಿದ್ದ, ರಿಯಾಯಿತಿ ಕೊಡ್ತೀನಿ ಅಂತ. ಸಾವಕಾರರೇ ಮಾತಾಡಿದರು. ಏನಂದರು ಅಂತ ಬರೆಯೋ ಹಾಗಿಲ್ಲ.

ನಮ್ಮದು 16ನೇ ಆವೃತ್ತಿ, 2028ರ ನವೆಂಬರ್‌ವರೆಗೆ ತಿದ್ದುಪಡಿ ಬರುತ್ತದೆ. ಗೋಡೆ ಮೇಲೆ ಬರೆದು ಅಂಟಿಸಿದ್ದೇನೆ. ಅಕೌಂಟ್ಸಿನ ಅಕ್ಕ ಮೊದಲ ನಾಲ್ಕು ತಿಂಗಳೂ ಹಳೇ ವರದಿಯ ಪ್ರಿಂಟ್ ತಂದು ಪಕ್ಕದಲ್ಲಿಟ್ಟು ಸ್ಕೇಲ್ ಹಿಡಿದು ಸಾಲು ಸಾಲಾಗಿ ನೋಡಿದರು. ಐದನೇ ತಿಂಗಳು ಬರೀಗೈಲಿ ಬಂದರು. ಅದೇ ವಾರ ವೈರ್ ಕಿತ್ತಿದ್ದು. ಹಳೇ ಸರ್ವರನ್ನು ಗುಜರಿಯವನು 11 ಸಾವಿರಕ್ಕೆ ಕೇಳಿದ, ಡಿಸ್ಕ್ ಬಿಚ್ಚಿಕೊಂಡು ಕೊಟ್ಟೆ.